ಕೋವಿಗೆ ವಿಸಿಲ್ ಇಲ್ಲ

ಹೋದ ಆಗಸ್ಟ್‌ನಲ್ಲಿ ನಮ್ಮ ಕೋವಿ ರಿಪೇರಿ ಅಂಗಡಿಗೆ ಹಾಸನದ ಕಡೆಯವರೊಬ್ಬರು ಬಂದರು. ಸಾಫ್ಟ್‌ವೇರ್ ಕೆಲಸ, ಟೆಕ್ಸಸ್‌ಗೆ ಬಂದು ಒಂಬತ್ತು ವರ್ಷ. ರೈಫಲ್ಲಿನ ತೋಟಾ ಮನೆಯಲ್ಲಿ ತಾವೇ ತುಂಬಿಕೊಳ್ಳುವವರು. ರೈಫಲ್ಲನ್ನು ಕೌಂಟರ್ ಮೇಲೆ ಮಲಗಿಸಿ, "ಸಾರ್, ಬೋಲ್ಟ್ ಸ್ವಲ್ಪ ಬಿಗಿ ಆಗಿದೆ, ಎಣ್ಣೆ ಹಾಕಿ ಕೊಡ್ತೀರಾ?" ಅಂದರು. ಬೋಲ್ಟ್ ಅಂದರೆ ನಳಿಗೆಯ ಹಿಂಬದಿ ಮುಚ್ಚುವ ಚಿಲಕ. ಎಷ್ಟು ಬಿಗಿ ಅಂತ ಕೇಳಿದೆ. ಅಂಗೈಯಿಂದ ಗಾಳಿಗೆ ಗುದ್ದಿ ತೋರಿಸಿದರು. "ಗುಂಡು ಹಾರಿದ ಮೇಲೆ ಹಿಂಗೆ ಎರಡು ಏಟು ಕೊಟ್ರೆ ತೆರೆಯುತ್ತೆ."

ಖಾಲಿ ಕೇಸ್, ಅಂದರೆ ಗುಂಡು ಹಾರಿದ ಮೇಲೆ ಉಳಿಯುವ ತೋಟಾದ ಹಿತ್ತಾಳೆ ಚಿಪ್ಪು, ಇದ್ದರೆ ಕೊಡಿ ಅಂದೆ. ಜೇಬಿನಿಂದ ನಾಲ್ಕು ತೆಗೆದು ಕೊಟ್ಟರು. ಹಿತ್ತಾಳೆಯ ಬುಡದಲ್ಲಿ ಕಾಳುಮೆಣಸಿನಷ್ಟು ಅಗಲದ ಹೊಳೆಯುವ ಮಚ್ಚೆ ಇತ್ತು. ಬೋಲ್ಟ್‌ನ ಮುಖದಲ್ಲಿ ಖಾಲಿ ಕೇಸನ್ನು ಹೊರಕ್ಕೆ ಚಿಮ್ಮಿಸುವ ಎಜೆಕ್ಟರ್‌ಗೆ ಒಂದು ತೂತು ಇರುತ್ತದಲ್ಲ, ಹಿತ್ತಾಳೆ ಮೇಣದ ಹಾಗೆ ಅದರೊಳಕ್ಕೆ ಒತ್ತಿಕೊಂಡಾಗ ಬೀಳುವ ಗುರುತು ಅದು. ಒಂದು ಕೇಸನ್ನು ಕೌಂಟರ್ ಮೇಲೆ ಮೆಲ್ಲಗೆ ಕುಟ್ಟಿದೆ. ಸುಟ್ಟ ಪ್ರೈಮರ್ (ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಬಟ್ಟಲು) ತಾನಾಗಿಯೇ ಉದುರಿ ಉರುಳಿಕೊಂಡು ಹೋಯಿತು. ಬಿಗಿಯಾಗಿ ಕೂತಿರಬೇಕಾದ ವಸ್ತು ಅದು. ಎಣ್ಣೆಯಿಂದ ಹೋಗುವ ಕಾಯಿಲೆ ಅಲ್ಲ, ಒಳಗೆ ಒತ್ತಡ ಜಾಸ್ತಿಯಾಗಿದೆ ಅಂದೆ.

"ಆದ್ರೆ ಪ್ರೈಮರ್ ಚಪ್ಪಟೆ ಆಗಿಲ್ವಲ್ಲ ಸಾರ್? ಒತ್ತಡ ಜಾಸ್ತಿ ಇದ್ರೆ ಚಪ್ಪಟೆ ಆಗುತ್ತಂತೆ."

ಈ ಮಾತನ್ನು ನಾನು ವಾರಕ್ಕೆ ಒಮ್ಮೆಯಾದರೂ ಕೇಳುತ್ತೇನೆ. ಕೇಳಿ ಕೇಳಿ ಸಾಕಾಗಿದೆ. ಇವತ್ತು ಬರೆದುಬಿಡೋಣ ಅಂತ ಕೂತಿದ್ದು ಅದಕ್ಕೇ.

ಮೊದಲೇ ಹೇಳಿಬಿಡುತ್ತೇನೆ. ಕೇಸ್ ಹೇಗೆ ತೊಳೆಯಬೇಕು, ಹೇಗೆ ಸೈಜ್ ಮಾಡಬೇಕು ಅನ್ನುವುದಕ್ಕೆ ನಾನು ಹೋಗುವುದಿಲ್ಲ. ಯಾವ ಪೌಡರ್ (ಮದ್ದು) ಎಷ್ಟು ಗ್ರೇನ್ (ತೂಕದ ಸಣ್ಣ ಅಳತೆ) ಅಂತಲೂ ಹೇಳುವುದಿಲ್ಲ; ನಿಮ್ಮ ರೈಫಲ್ ನಾನು ನೋಡಿಲ್ಲ. ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳುವುದು ಮಾಮೂಲಿ ಹವ್ಯಾಸ. ಊರಿನಲ್ಲಿ ಓದುತ್ತಿರುವವರು ನೆನಪಿಡಿ, ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸಿದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ.

ಈಗ ಪ್ರೈಮರ್ ವಿಷಯ. ಒಂದು ಕಂಪನಿಯ ಪ್ರೈಮರ್ ಲೋಹ ಮೆತ್ತಗೆ, ಇನ್ನೊಂದರದ್ದು ಗಟ್ಟಿ. ಮೆತ್ತಗಿನದು ಸರಿಯಾದ ಒತ್ತಡದಲ್ಲೂ ಚಪ್ಪಟೆ ಆಗಬಹುದು. ಗಟ್ಟಿಯದು ಮಿತಿ ದಾಟಿದ ಮೇಲೂ ದುಂಡಗೆ ನಗುತ್ತಾ ಕೂತಿರಬಹುದು. .308 ವಿಂಚೆಸ್ಟರ್ ಅನ್ನುವ ತೋಟಾಕ್ಕೆ ಉದ್ಯಮದ ಒತ್ತಡದ ಮಿತಿ 62,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ನಿಮ್ಮ ಮನೆ ಕುಕ್ಕರ್ ವಿಸಿಲ್ ಹೊಡೆಯುವುದು ಸುಮಾರು 15ಕ್ಕೆ. ಅಂದರೆ ಕೆನ್ನೆ ಒರಗಿಸಿಕೊಂಡು ಹಾರಿಸುವ ಆ ಉಕ್ಕಿನ ಕೊಳವೆಯೊಳಗೆ ನಾಲ್ಕು ಸಾವಿರ ಕುಕ್ಕರ್‌ಗಳ ಒತ್ತಡ. ಕುಕ್ಕರಿಗಾದರೆ ವಿಸಿಲ್ ಇದೆ, ಅದು ಕೈಕೊಟ್ಟರೆ ಸೇಫ್ಟಿ ವಾಲ್ವ್ ಇದೆ. ಕೋವಿಗೆ ಎರಡೂ ಇಲ್ಲ. ಬೋಲ್ಟ್ ಬಿಗಿಯಾಗುವುದು, ಬುಡದಲ್ಲಿ ಮಚ್ಚೆ ಬೀಳುವುದು, ಪ್ರೈಮರ್ ಸಡಿಲವಾಗುವುದು ಇವೆಲ್ಲ ಸಾಮಾನ್ಯವಾಗಿ ಮಿತಿ ದಾಟಿ ಬಹಳ ದೂರ ಹೋದ ಮೇಲೆ ಕಾಣಿಸುವ ಗುರುತುಗಳು. ಗುರುತು ಕಂಡರೆ ನಿಲ್ಲಿಸಬೇಕು, ಸರಿ. ಕಾಣಲಿಲ್ಲ ಅಂದರೆ ಎಲ್ಲ ಚೆನ್ನಾಗಿದೆ ಅಂತಲ್ಲ.

ಹಾಗಾದರೆ ಒತ್ತಡ ಗೊತ್ತಾಗುವುದು ಹೇಗೆ? ಮನೆಯಲ್ಲಿ ಸುಲಭಕ್ಕೆ ಅಳೆಯಲು ಆಗುವುದಿಲ್ಲ. ವೇಗ ಅಳೆಯಬಹುದು. ಅದನ್ನು ಅಳೆಯುವ ಕ್ರೋನೋಗ್ರಾಫ್ ಯಂತ್ರ ಈಗ ಎಲ್ಲರ ಹತ್ತಿರವೂ ಇದೆ. ಜನ ಅದನ್ನು ಪರೀಕ್ಷೆಯ ಮಾರ್ಕ್ಸ್ ಕಾರ್ಡ್ ಥರ ಓದುತ್ತಾರೆ, ಜಾಸ್ತಿ ಬಂದರೆ ಖುಷಿ. ನಾನು ಅದನ್ನು ಬಿ.ಪಿ. ಮೆಷಿನ್ ಥರ ಓದುತ್ತೇನೆ.

ಹಾಸನದವರ ಲೆಕ್ಕವನ್ನೇ ನೋಡಿ. ತೋಟಾ ತುಂಬುವ ಲೆಕ್ಕಗಳಿರುವ ಅವರ ಪುಸ್ತಕದಲ್ಲಿ 168 ಗ್ರೇನ್ ಬುಲೆಟ್‌ಗೆ ಗರಿಷ್ಠ ಮದ್ದು ಹಾಕಿದರೆ ವೇಗ ಸೆಕೆಂಡಿಗೆ 2,700 ಅಡಿ. ಅವರಿಗೆ ಬಂದದ್ದು 2,720. "ಇಪ್ಪತ್ತೇ ಅಡಿ ಜಾಸ್ತಿ, ಅದೇನು ಮಹಾ" ಅನ್ನುವುದು ಅವರ ವಾದ. ನಳಿಗೆ ಎಷ್ಟು ಉದ್ದ ಅಂತ ಕೇಳಿದೆ. 20 ಇಂಚು. ಪುಸ್ತಕದವರು ಅಳೆದದ್ದು? ಪುಟದ ತಲೆಯಲ್ಲೇ ಬರೆದಿದೆ, 24 ಇಂಚು. ಈ ತರಹದ ತೋಟಾದಲ್ಲಿ ನಳಿಗೆ ಒಂದು ಇಂಚು ಗಿಡ್ಡವಾದರೆ ಸುಮಾರು 20ರಿಂದ 25 ಅಡಿ ವೇಗ ಕಡಿಮೆಯಾಗುತ್ತದೆ. ನಾಲ್ಕು ಇಂಚಿಗೆ 80ರಿಂದ 100. ಅಂದರೆ ಅವರ ರೈಫಲ್ಲಿಗೆ ಗರಿಷ್ಠ ಮದ್ದಿನಲ್ಲಿ ಬರಬೇಕಾದದ್ದು 2,600ರ ಆಸುಪಾಸು. ಅವರು ದಾಟಿದ್ದು ಇಪ್ಪತ್ತು ಅಡಿ ಅಲ್ಲ, ನೂರಕ್ಕೂ ಜಾಸ್ತಿ!

ಆ ನೂರು ಅಡಿ ಎಲ್ಲಿಂದ ಬಂತು? ಬುಲೆಟ್ಟನ್ನು ತಳ್ಳುವುದು ಅನಿಲದ ಒತ್ತಡ ಒಂದೇ. ಅದೇ ಪೌಡರ್, ಅದೇ ಬುಲೆಟ್, ಗಿಡ್ಡ ನಳಿಗೆ. ಆದರೂ ವೇಗ ಜಾಸ್ತಿ ಅಂದರೆ ಒತ್ತಡ ಜಾಸ್ತಿ. ಬೇರೆ ದಾರಿ ಇಲ್ಲ. ಅದೂ ಸಮಸಮ ಏರುವುದಿಲ್ಲ. ಮಿತಿಯ ಹತ್ತಿರ ವೇಗ ನೂರಕ್ಕೆ ಒಂದು ಏರಿದರೆ ಒತ್ತಡ ನೂರಕ್ಕೆ ಎರಡೋ ಮೂರೋ ಏರಿರುತ್ತದೆ, ಸುಮಾರಾಗಿ. "ನನ್ನ ನಳಿಗೆ ಸ್ವಲ್ಪ ಫಾಸ್ಟ್ ಇರಬಹುದಲ್ವಾ?" ಅಂದರು. ಇರಬಹುದು. ನಳಿಗೆಯಿಂದ ನಳಿಗೆಗೆ ವ್ಯತ್ಯಾಸ ಇದ್ದೇ ಇರುತ್ತದೆ. ಆದರೆ ನಾಲ್ಕು ಇಂಚು ಗಿಡ್ಡವಾಗಿದ್ದೂ ನೂರು ಅಡಿ ಮುಂದೆ ಓಡುವ ನಳಿಗೆ ನನ್ನ ಕೈಗೆ ಇನ್ನೂ ಬಂದಿಲ್ಲ. ಪುಸ್ತಕದ ಅಂಕಿಗಳನ್ನು ವಕೀಲರಿಗೆ ಹೆದರಿ ಇಳಿಸಿ ಬರೆದಿದ್ದಾರೆ ಅನ್ನುವವರೂ ಇದ್ದಾರೆ. ಅವರ ಜೊತೆ ವಾದ ಮಾಡುವುದನ್ನು ಬಿಟ್ಟಿದ್ದೇನೆ.

ಕಾರಣ ಆಮೇಲೆ ಸಿಕ್ಕಿತು. ಜನವರಿಯಲ್ಲಿ ಅವರು ಅಂಗಡಿಗಳಲ್ಲಿ ಸಿಗುವ ಮಾಮೂಲಿ ಕೇಸ್‌ಗಳಲ್ಲಿ ಕೆಳಗಿನಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪವೇ ಏರಿಸುತ್ತಾ, ನಿಯಮದಂತೆಯೇ ಲೋಡ್ (ಮದ್ದಿನ ಅಳತೆ) ಸಿದ್ಧ ಮಾಡಿದ್ದರು. ಜುಲೈನಲ್ಲಿ ಸೈನ್ಯದ ಹಳೆಯ ಕೇಸ್‌ಗಳು ಅಗ್ಗಕ್ಕೆ ಸಿಕ್ಕಿದವು. ಅಳತೆ ಬದಲಿಸದೆ ಅಷ್ಟೇ ಮದ್ದು ತುಂಬಿದರು. ಸೈನ್ಯದ ಕೇಸ್‌ಗಳ ಗೋಡೆ ಸಾಮಾನ್ಯವಾಗಿ ದಪ್ಪ. ಹೊರಗಿನಿಂದ ನೋಡಿದರೆ ಅದೇ ಚೊಂಬು, ಒಳಗೆ ಜಾಗ ಕಡಿಮೆ, ಅಷ್ಟೇ ಮದ್ದಿಗೆ ಒತ್ತಡ ಜಾಸ್ತಿ. ಅದರ ಮೇಲೆ ಟೆಕ್ಸಸ್ ಬಿಸಿಲು. ತೋಟಾ ಡಬ್ಬಿ ಬೆಳಗಿನಿಂದ ಕಾರಿನಲ್ಲೇ ಇತ್ತಂತೆ. ಬಿಸಿಯಾದ ಪೌಡರ್ ಒತ್ತಡವನ್ನು ಇನ್ನಷ್ಟು ಏರಿಸುತ್ತದೆ, ಕೆಲವು ಪೌಡರ್‌ಗಳಲ್ಲಿ ಜಾಸ್ತಿ, ಕೆಲವದರಲ್ಲಿ ಕಡಿಮೆ. ಕೇಸ್, ಪ್ರೈಮರ್, ಬುಲೆಟ್, ಪೌಡರ್ ಯಾವುದೇ ಒಂದು ಬದಲಾದರೂ ಮತ್ತೆ ಕೆಳಗಿನಿಂದ ಶುರು ಮಾಡಬೇಕು. ಪೌಡರ್‌ಗಳ ಹೆಸರಿನಲ್ಲೂ ಹುಷಾರು. ಐಎಂಆರ್ 4350 ಬೇರೆ, ಎಚ್ 4350 ಬೇರೆ. ನಂಬರ್ ಒಂದೇ ಅಂತ ಅದರ ಲೆಕ್ಕವನ್ನು ಇದಕ್ಕೆ ಹಾಕಬೇಡಿ.

ತೀರ್ಥಹಳ್ಳಿ ಹತ್ತಿರ ನಮ್ಮಜ್ಜನ ಹತ್ತಿರ ಒಂದು ಕೇಪಿನ ಕೋವಿ ಇತ್ತು, ಗದ್ದೆಗೆ ಬರುವ ಹಂದಿ ಓಡಿಸಲು. ನಳಿಗೆಯ ಬಾಯಿಂದ ಮಸಿ (ಕರಿಮದ್ದು) ಹಾಕಿ, ಚರೆ ಹಾಕಿ, ಗಜದಿಂದ ಗಿಡಿದು, ಗಜ ಎಷ್ಟು ಬೆರಳು ಹೊರಗೆ ನಿಂತಿದೆ ಅಂತ ನೋಡುತ್ತಿದ್ದರು. ಅದೇ ಅವರ ತಕ್ಕಡಿ. ಕಪ್ಪು ಮಸಿ ಆ ಕೈಯಳತೆಯನ್ನು ಸ್ವಲ್ಪ ಮಟ್ಟಿಗೆ ಸಹಿಸಿಕೊಳ್ಳುತ್ತಿತ್ತು. ಹೊಗೆ ಇಲ್ಲದ ಇವತ್ತಿನ ಪೌಡರ್ ಸಹಿಸುವುದಿಲ್ಲ. ನಮ್ಮ ಅಳತೆ ಗ್ರೇನ್. ಒಂದು ಪೌಂಡಿಗೆ 7,000. ಅಕ್ಕಸಾಲಿಗರ ಗುಲಗಂಜಿಯ ಅರ್ಧ ತೂಕ ಅಂದುಕೊಳ್ಳಿ. ಅದನ್ನೂ ಹತ್ತು ಭಾಗ ಮಾಡಿ ತೂಗುತ್ತೇವೆ. ಆದರೆ "ಒಂದು ಚಿಟಿಕೆ ಜಾಸ್ತಿ ಇರಲಿ" ಅನ್ನುವ ಅಜ್ಜನ ಬುದ್ಧಿ ಮಾತ್ರ ಡಿಜಿಟಲ್ ತಕ್ಕಡಿ ಬಂದ ಮೇಲೂ ಹೋಗಿಲ್ಲ.

ನಿಖರತೆಯ ಬಗ್ಗೆ ಒಂದೇ ಮಾತು. ಮೂರು ಗುಂಡು ಒಂದೇ ತೂತಿನಲ್ಲಿ ಬಿದ್ದ ಫೋಟೋ ಕಳಿಸಬೇಡಿ. ಮೂರು ಗುಂಡು ಅದೃಷ್ಟಕ್ಕೂ ಬೀಳುತ್ತವೆ. ಹತ್ತು ಹೊಡೆದು ಕಳಿಸಿ, ಮಾತಾಡೋಣ. ಹೆಚ್ಚಿನ ರೈಫಲ್‌ಗಳು ಗರಿಷ್ಠಕ್ಕಿಂತ ಕೆಳಗೇ ಚೆನ್ನಾಗಿ ಹೊಡೆಯುವುದನ್ನು ನಾನು ಕಂಡಿದ್ದೇನೆ.

"ಅಷ್ಟೊಂದು ವೇಗ ಯಾಕೆ ಬೇಕಿತ್ತು?" ಅಂತ ಕೊನೆಗೆ ಕೇಳಿದೆ. ನವೆಂಬರ್‌ನಲ್ಲಿ ಜಿಂಕೆ ಬೇಟೆಗಂತೆ, 200 ಗಜದೊಳಗೆ. ಆ ದೂರದಲ್ಲಿ ನೂರು ಅಡಿ ವೇಗದಿಂದ ಗುಂಡಿನ ಇಳಿತದಲ್ಲಿ ಆಗುವ ವ್ಯತ್ಯಾಸ ಒಂದು ಇಂಚೂ ಇಲ್ಲ. ಅವರು ಮಾತಾಡಲಿಲ್ಲ. ತುಂಬಿಟ್ಟ ತೋಟಾ ಇನ್ನೂ 140 ಉಳಿದಿತ್ತು, ಅದರದ್ದೇ ಯೋಚನೆ ಇರಬೇಕು.

ರೈಫಲ್ ಬಿಚ್ಚಿ ಪರೀಕ್ಷೆ ಮಾಡಿದೆ, ಪುಣ್ಯಕ್ಕೆ ಬೋಲ್ಟ್‌ಗೆ ಏನೂ ಆಗಿರಲಿಲ್ಲ. 140ನ್ನೂ ಬಿಚ್ಚಲೇಬೇಕು ಅಂದೆ. ಬುಲೆಟ್ ಕೀಳುವ ಸುತ್ತಿಗೆ ಕೊಟ್ಟು ಕಳಿಸಿದೆ. ಒಂದೊಂದನ್ನೂ ಅದರ ತಲೆಗೆ ಸಿಕ್ಕಿಸಿ ಗಟ್ಟಿ ನೆಲಕ್ಕೆ ಕುಟ್ಟಬೇಕು. ಭಾನುವಾರ ಮಧ್ಯಾಹ್ನ ಫೋನ್ ಬಂತು. ಹಿಂದೆ ಯಾರೋ "ಇನ್ನೂ ಎಷ್ಟು ಹೊತ್ತೂರೀ ಈ ಕುಟ್ಟೋದು?" ಅನ್ನುತ್ತಿದ್ದರು.

"ಸಾರ್, ಎಂಬತ್ತಾಯ್ತು. ಈ ಪೌಡರ್ ಹಳೇ ಡಬ್ಬಿಗೆ ವಾಪಸ್ ಹಾಕ್ಲಾ?"

"ಎರಡು ಡಬ್ಬಿಯಿಂದ ತುಂಬಿದ್ದೆ ಅಂದಿದ್ರಲ್ಲ, ಬೇಡ. ಹಿತ್ತಲ ಹುಲ್ಲಿನ ಮೇಲೆ ತೆಳ್ಳಗೆ ಉದುರಿಸಿ, ನೀರು ಬಿಡಿ."

"ಕರಿಬೇವಿನ ಗಿಡಕ್ಕೆ ಹಾಕಬಹುದಾ?"

"ಒಗ್ಗರಣೆಗೆ ಹಾಕೋ ಗಿಡಕ್ಕೆ ಬೇಡ ಸ್ವಾಮಿ. ಹುಲ್ಲಿಗೇ ಹಾಕಿ."