ಹೊಲಿಗೆಯ ತೂತಿನಿಂದ ಶುರುವಾದ ಕಥೆ: ಗ್ರೆನ್ನಾದಿಂದ ಕ್ವಿಟೋಯಾವರೆಗೆ

ಸ್ವೀಡನ್‌ನ ವೆಟ್ಟರ್ನ್ ಸರೋವರದ ದಡದಲ್ಲಿ ಗ್ರೆನ್ನಾ ಅಂತ ಒಂದು ಪುಟ್ಟ ಊರಿದೆ. 1652ರಲ್ಲಿ ಪೆರ್ ಬ್ರಾಹೆ ಕಟ್ಟಿಸಿದ್ದು. ಕೆಂಪು-ಬಿಳಿ ಪಟ್ಟೆಯ ಪೆಪ್ಪರ್‌ಮಿಂಟ್ ಕಡ್ಡಿಗೆ ಹೆಸರುವಾಸಿ. ಅದೇ ಊರಿನ ಮ್ಯೂಸಿಯಂನಲ್ಲಿ, ಎರಡು ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರದ ಕ್ವಿಟೋಯಾ ಎಂಬ ಹಿಮದ್ವೀಪದಲ್ಲಿ ಸಿಕ್ಕ ವಸ್ತುಗಳಿವೆ. ಕಾರಣ ಒಬ್ಬ ಮನುಷ್ಯ. 1854ರಲ್ಲಿ ಗ್ರೆನ್ನಾದಲ್ಲಿ ಹುಟ್ಟಿದ ಎಂಜಿನಿಯರ್ ಸಾಲೊಮನ್ ಆಗಸ್ಟ್ ಆಂಡ್ರೆ.

ಹೈಡ್ರೋಜನ್ ಬಲೂನಿನಲ್ಲಿ ಉತ್ತರ ಧ್ರುವ ದಾಟುವುದು ಆಂಡ್ರೆಯ ಕನಸು. ಆಲ್ಫ್ರೆಡ್ ನೊಬೆಲ್ ದುಡ್ಡು ಕೊಟ್ಟರು, ರಾಜ ಎರಡನೇ ಆಸ್ಕರ್ ಕೂಡ ಕೊಟ್ಟರು. ರೇಷ್ಮೆಯ ಬಲೂನು ಪ್ಯಾರಿಸ್‌ನಲ್ಲಿ ತಯಾರಾಯಿತು. 1896ರಲ್ಲಿ ಬೇಕಾದ ಗಾಳಿ ಬೀಸಲಿಲ್ಲ, ತಂಡ ವಾಪಸ್ ಬಂತು. ಆದರೆ ತಂಡದಲ್ಲಿದ್ದ ಹವಾಮಾನ ತಜ್ಞ ನಿಲ್ಸ್ ಎಕ್‌ಹೋಮ್ ಒಂದು ವಿಷಯ ಗಮನಿಸಿದ್ದರು. ಹೊಲಿಗೆಯ ಸೂಜಿ ತೂತುಗಳಿಂದ ಅನಿಲ ಸೋರುತ್ತಿತ್ತು. ಆಂಡ್ರೆ ಯಾರಿಗೂ ಹೇಳದೆ ಮತ್ತೆ ಮತ್ತೆ ಅನಿಲ ತುಂಬಿಸುತ್ತಿದ್ದದ್ದೂ ಗೊತ್ತಾಯಿತು. ಎಕ್‌ಹೋಮ್ ಹೊರನಡೆದರು. ಅವರ ಜಾಗಕ್ಕೆ ಬಂದವರು ಕ್ನೂಟ್ ಫ್ರೆಂಕೆಲ್.

ನನಗೆ ಈ ಇಡೀ ಕಥೆಯಲ್ಲಿ ಅತಿ ನೋವಿನ ಜಾಗ ಇದೇ. ಅಷ್ಟು ಹೊತ್ತಿಗೆ ಇಡೀ ದೇಶ ಚಪ್ಪಾಳೆ ತಟ್ಟಿ ಕಳಿಸಿತ್ತು. ಈ ಬಲೂನಿನಲ್ಲಿ ಆಗಲ್ಲ ಅಂತ ಆಂಡ್ರೆ ಹೇಳುವುದು ಎಷ್ಟು ಕಷ್ಟ, ಅಲ್ವಾ?

1897ರ ಜುಲೈ 11. ಆರ್ಕ್ಟಿಕ್‌ನ ಸ್ವಾಲ್‌ಬಾರ್ಡ್ ದ್ವೀಪಸಮೂಹದ ಡಾನ್ಸ್‌ಕೋಯಾ ದ್ವೀಪದಿಂದ ಆಂಡ್ರೆ, ಫ್ರೆಂಕೆಲ್ ಮತ್ತು 24ರ ಹರೆಯದ ನಿಲ್ಸ್ ಸ್ಟ್ರಿಂಡ್‌ಬರ್ಗ್ ಹಾರಿದರು. ದಿಕ್ಕು ಹಿಡಿಯಲು ನೆಲಕ್ಕೆ ಎಳೆದುಕೊಂಡು ಹೋಗಬೇಕಿದ್ದ ಹಗ್ಗಗಳು ಹೊರಟ ಕೆಲವೇ ನಿಮಿಷದಲ್ಲಿ ಬಹುಪಾಲು ಕಳಚಿ ಬಿದ್ದವು. ಮೂರು ದಿನದೊಳಗೆ ಬಲೂನು ಮಂಜುಗಡ್ಡೆಗೆ ಇಳಿಯಿತು. ಆಮೇಲೆ ನಡಿಗೆ. ಇವರು ಒಂದು ಕಡೆ ನಡೆದರೆ, ಕಾಲಡಿಯ ಮಂಜು ಇನ್ನೊಂದು ಕಡೆ ತೇಲಿಸಿಕೊಂಡು ಹೋಗುತ್ತಿತ್ತು. ಹಿಮಕರಡಿ ಹೊಡೆದು ತಿನ್ನುತ್ತಾ ಅಕ್ಟೋಬರ್ 5ಕ್ಕೆ ಕ್ವಿಟೋಯಾ ಮುಟ್ಟಿದರು. ಅಲ್ಲೇ ತೀರಿಕೊಂಡರು.

ಮೂವತ್ಮೂರು ವರ್ಷ ಯಾರಿಗೂ ಏನೂ ಗೊತ್ತಾಗಲಿಲ್ಲ. 1930ರ ಆಗಸ್ಟ್‌ನಲ್ಲಿ ಬ್ರಾಟ್‌ವಾಗ್ ಎಂಬ ನಾರ್ವೆಯ ಹಡಗು ಅಲ್ಲಿಗೆ ಹೋಯಿತು. ಕುಡಿಯುವ ನೀರು ಹುಡುಕುತ್ತಿದ್ದ ನಾವಿಕರಿಗೆ ಬಿಡಾರದ ಗುರುತು ಕಂಡಿತು. ದೇಹಗಳು, ದಿನಚರಿ, ಕ್ಯಾಮೆರಾದ ಫಿಲ್ಮ್. ಅಷ್ಟು ವರ್ಷ ಹಿಮದಲ್ಲಿ ನೆಂದ ಫಿಲ್ಮ್‌ನಿಂದ ಸ್ಟಾಕ್‌ಹೋಮ್‌ನ ಛಾಯಾಗ್ರಹಣ ತಜ್ಞ ಜಾನ್ ಹರ್ಟ್ಸ್‌ಬರ್ಗ್ 93 ಚಿತ್ರ ಉಳಿಸಿದರು. ಒಂದರಲ್ಲಿ ಬಲೂನು ಮಂಜಿನ ಮೇಲೆ ಮಗ್ಗುಲಾಗಿ ಬಿದ್ದಿದೆ. ಪಕ್ಕದಲ್ಲಿ ಇಬ್ಬರು ಅದನ್ನೇ ನೋಡುತ್ತಾ ನಿಂತಿದ್ದಾರೆ. ಮೂರನೆಯವನು, ಸ್ಟ್ರಿಂಡ್‌ಬರ್ಗ್, ಕ್ಯಾಮೆರಾ ಹಿಂದೆ.

ಬಿಡಾರದಲ್ಲಿ ಆಹಾರವಿತ್ತು, ಗುಂಡುಗಳಿದ್ದವು, ಸ್ಟೋವ್‌ನಲ್ಲಿ ಸೀಮೆಎಣ್ಣೆ ಕೂಡ ಇತ್ತು. ಹಾಗಾದರೆ ಸತ್ತದ್ದು ಹೇಗೆ? ಸ್ವೀಡನ್ ಅವರನ್ನು ವೀರರಂತೆ ಬರಮಾಡಿಕೊಂಡು, ಸರಿಯಾಗಿ ಪರೀಕ್ಷೆ ಮಾಡದೆ ದಹನ ಮಾಡಿಬಿಟ್ಟಿತು. ಚಳಿ ಅಂದರು, ಸ್ಟೋವ್‌ನ ವಿಷಗಾಳಿ ಅಂದರು. 1952ರಲ್ಲಿ ಡೆನ್ಮಾರ್ಕ್‌ನ ವೈದ್ಯ ಎರ್ನ್ಸ್ಟ್ ಟ್ರೂಡೆ ಬೇರೆಯೇ ವಾದ ಮುಂದಿಟ್ಟರು. ಬೇಯದ ಕರಡಿ ಮಾಂಸದಿಂದ ಬರುವ ಟ್ರೈಕಿನೋಸಿಸ್ ಎಂಬ ಹುಳುವಿನ ಕಾಯಿಲೆ. ಮ್ಯೂಸಿಯಂನಲ್ಲಿದ್ದ ಕರಡಿಯ ಅವಶೇಷದಲ್ಲಿ ಆ ಹುಳುವಿನ ಮರಿಗಳೂ ಸಿಕ್ಕವು. ಆದರೆ ಮೂವರಿಗೂ ಅದೇ ಕಾಯಿಲೆ ಇತ್ತೇ ಅಂತ ಹೇಳಬಲ್ಲ ದೇಹಗಳು ಆಗಲೇ ಬೂದಿಯಾಗಿದ್ದವು.