ಗೇಟು ಕಿರ್ ಎಂದರೆ ಮಂಚದಡಿಗೆ: ಟಿಎಫ್-ಸಿಬಿಟಿ ಟಿಪ್ಪಣಿ

ಟ್ರಾಮಾ ಫೋಕಸ್ಡ್ ಸಿಬಿಟಿ (ಟಿಎಫ್-ಸಿಬಿಟಿ) ಅಂದರೆ ದೌರ್ಜನ್ಯದಂಥ ಆಘಾತ ಕಂಡ ಮಕ್ಕಳಿಗೆ ಕೊಡುವ ಮಾತಿನ ಚಿಕಿತ್ಸೆ. ಇದನ್ನು ರೂಪಿಸಿದವರು ಅಮೆರಿಕದ ಜುಡಿತ್ ಕೋಹೆನ್, ಆಂಥನಿ ಮ್ಯಾನರಿನೊ, ಎಸ್ತರ್ ಡೆಬ್ಲಿಂಜರ್. 3ರಿಂದ 18 ವರ್ಷದವರಿಗೆ, ಸಾಮಾನ್ಯವಾಗಿ 12ರಿಂದ 16 ಸೆಷನ್. ಪರೀಕ್ಷೆಯ ಎರಡು ಮಾರ್ಕಿಗೆ ಇಷ್ಟು ಸಾಕು. ನನಗೆ ತಲೆಗೆ ಹೋಗಲು ಹೊತ್ತು ಹಿಡಿದದ್ದು ಬೇರೆ: ನಡೆದದ್ದನ್ನು ಮಗುವಿನಿಂದ ಹೇಳಿಸುವುದು ನಡುವೆ ಯಾಕೆ, ಮೊದಲೇ ಯಾಕಲ್ಲ?

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಸುರತ್ಕಲ್ ಕಡೆಯ 9 ವರ್ಷದ ಹುಡುಗಿ. ಚಿಕ್ಕಪ್ಪ ಕುಡಿದು ಬಂದು ಬೆಲ್ಟಿನಿಂದ ಹೊಡೆಯುತ್ತಿದ್ದ. ಈಗ ಅವನು ಮನೆಯಲ್ಲಿಲ್ಲ. ಆದರೆ ಆಟಿಯ (ಮಳೆಗಾಲದ ತುಳು ತಿಂಗಳು) ಗಾಳಿಗೆ ಗೇಟು ಕಿರ್ ಎಂದರೂ ಅವಳು ಮಂಚದಡಿಗೆ ಓಡುತ್ತಾಳೆ.

ಇವಳನ್ನು ಸುಮ್ನೆ ‘ಏನಾಯ್ತು ಹೇಳು’ ಎಂದರೆ ಕೋಣೆಯೇ ಇನ್ನೊಂದು ಗೇಟಾಗುತ್ತದೆ. ಮೊದಲು ಕೈಗೆ ಏನಾದರೂ ಹಿಡಿತ ಬೇಕು. ಪೆಟ್ಟು ತಿಂದ ಮಕ್ಕಳಿಗೆ ಹೀಗಾಗುವುದುಂಟು ಅನ್ನುವ ಮಾತು. ಪಣಂಬೂರಿನ ತೆರೆ ಬಂದ ಹಾಗೆ ಉಸಿರು ಒಳಗೆ, ತೆರೆ ಹೋದ ಹಾಗೆ ಹೊರಗೆ. ‘ಪೋಡಿಗೆ ಏತುಂಡು?’ (ಹೆದರಿಕೆ ಎಷ್ಟಿದೆ?) ಅಂತ ಕೇಳಿದರೆ ಹತ್ತರಲ್ಲಿ ಎಷ್ಟು ಅಂತ ಬೆರಳು ತೋರಿಸುವುದು. (ಮನೆಯಲ್ಲಿ ತುಳು ಆಡುವ ಮಗುವಿಗೆ ಹೆದರಿಕೆಯ ಹೆಸರೂ ತುಳುವಿನಲ್ಲೇ ಇರುತ್ತದೆ, ಅಲ್ವಾ?)

ಆಮೇಲೆ ನಡೆದದ್ದನ್ನು ಅವಳೇ ಕತೆಯಾಗಿ ಬರೆದು ಓದುವುದು. ಅಧ್ಯಾಯ ಒಂದು: ನನಗೆ ನೀರುದೋಸೆ ಇಷ್ಟ. ಗೇಟು ಬರುವುದು ನಿಧಾನಕ್ಕೆ, ಬೆಲ್ಟು ಇನ್ನೂ ನಿಧಾನಕ್ಕೆ. ಓದಿ ಓದಿ ಒಂಬತ್ತಿದ್ದ ಬೆರಳು ನಾಲ್ಕಕ್ಕೆ ಇಳಿಯಬೇಕು. ನಡುವೆ ‘ನಾನು ಹಾಲು ಚೆಲ್ಲಿದ್ದಕ್ಕೆ ಹೊಡೆದ’ ಎಂಬ ಸಾಲು ಸಿಕ್ಕರೆ ಅಲ್ಲಿ ನಿಲ್ಲಬೇಕು. ‘ನಿನ್ನ ಫ್ರೆಂಡ್ ಹಾಲು ಚೆಲ್ಲಿದರೆ ಅವಳಿಗೂ ಬೆಲ್ಟೇಟು ಬೀಳಬೇಕಾ?’ ತಪ್ಪು ಯಾರದ್ದು ಅಂತ ಅವಳೇ ಹೇಳುವವರೆಗೆ ಕಾಯಬೇಕು.

ಅಮ್ಮನಿಗೂ ಬೇರೆ ಸೆಷನ್ ಇರುತ್ತದೆ. ಹೊಡೆದವರಿಗೆ ಇದರಲ್ಲಿ ಜಾಗವಿಲ್ಲ. ಮಗಳ ಕತೆಯನ್ನು ಅಮ್ಮ ಮೊದಲು ಥೆರಪಿಸ್ಟ್ ಬಾಯಲ್ಲಿ ಕೇಳುತ್ತಾಳೆ, ಅಳುವುದೂ ಅಲ್ಲೇ. ಮಗಳು ಓದುವ ದಿನ ಕೂತು ಕೇಳಲು ಗಟ್ಟಿಯಾಗಿರಬೇಕಲ್ಲ! ಗೇಟಿನ ಸದ್ದಿಗೆ ಓಡದೆ ನಿಲ್ಲುವ ಅಭ್ಯಾಸವೂ ಅಮ್ಮನ ಜೊತೆಗೇ: ಮೊದಲು ಹಗಲಲ್ಲಿ, ಆಮೇಲೆ ಕತ್ತಲಲ್ಲಿ.

ನಾವು ಜಾಸ್ತಿ ಎಡವುವುದು ಇಲ್ಲೇ. ಚಿಕ್ಕಪ್ಪ ಈಗಲೂ ಬಂದು ಹೋಗುತ್ತಿದ್ದರೆ ಆ ಹೆದರಿಕೆ ರೋಗವಲ್ಲ, ಕಾವಲು. ಅದನ್ನು ಬಿಡಿಸಬಾರದು. ಆಗ ಮೊದಲ ಕೆಲಸ ಸುರಕ್ಷತೆ, ಮಕ್ಕಳ ಸಹಾಯವಾಣಿ 1098 ನೆನಪಿರಲಿ. ಲೈಂಗಿಕ ದೌರ್ಜನ್ಯ ಗೊತ್ತಾದರಂತೂ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಹಾಗಾಗಿ ಮೊದಲ ದಿನ ‘ಯಾರಿಗೂ ಹೇಳುವುದಿಲ್ಲ’ ಅಂತ ಮಗುವಿಗೆ ಮಾತು ಕೊಡಬೇಡಿ.