ಡಯೋಡ್ ಕಿತ್ತ ಮ್ಯಾಲೂ ತೂಕದ ಕಾಟಾ ನಡೀತೈತಿ ಅನ್ನೋರಿಗೆ

ಎಲೆಕ್ಟ್ರಾನಿಕ್ ಕಾಟಾಕ್ಕ ಬ್ಯಾಟರಿ ಉಲ್ಟಾ ಹಚ್ಚಿ ರಿಪೇರಿಗೆ ತರೋರು ನಮ್ಮ ವಿಜಯಪುರದಾಗ ಭಾಳ ಮಂದಿ ಅದಾರ. ಮುಂದ ಗಿರಾಕಿ ನಿಂತಿರ್ತಾರ, ಗಡಿಬಿಡ್ಯಾಗ ಕೆಂಪು ವಾಯರ್ ಯಾವ ಕಡ್ಡಿಗೆ ಹೋತು ಅಂತ ಯಾರು ನೋಡ್ತಾರ, ಆಗ್ತೈತಿ. ಅದಕ್ಕ ನಾ ಯಾರಿಗೂ ಬೈಯೂದಿಲ್ಲ. ಸಿಟ್ಟು ಬರೂದು ಮುಂದಿನ ಕೆಲಸಕ್ಕ.

ಉಲ್ಟಾ ಹಚ್ಚಿದ ಕೂಡ್ಲೆ ಫ್ಯೂಸ್ ಹೋಗ್ತೈತಿ. ಬ್ಯಾಟರಿ ಸರಿ ಮಾಡಿ ಹೊಸಾ ಫ್ಯೂಸ್ ಹಾಕಿದ್ರ ಅದೂ ಹೋಗ್ತೈತಿ. ಆಮ್ಯಾಲೆ ಯಾರೋ ಮೀಟರ್ ಹಚ್ಚಿ ಡಯೋಡ್ (ಕರೆಂಟ್ ಒಂದ ಕಡೆ ಅಷ್ಟ ಬಿಡೋ ಪಾರ್ಟ್) ಶಾರ್ಟ್ ಐತಿ ಅಂತ ಹಿಡೀತಾರ, ಕಿತ್ತು ಒಗೀತಾರ, ಕಾಟಾ ಚಾಲೂ ಆಗ್ತೈತಿ, "ಅದಿಲ್ಲಂದ್ರೂ ನಡೀತೈತಿ ಬಿಡ್ರಿ" ಅಂತಾರ.

ನಡೀತೈತಿ, ಹೌದು. ಬ್ಯಾಟರಿ ಸರಿ ಇದ್ದಾಗ ಆ ಡಯೋಡಿಗೆ ಕೆಲಸಾನ ಇರೂದಿಲ್ಲ! ಅದರ ಬೆಳ್ಳಿ ಪಟ್ಟಿ ಇರೋ ಕಾಲು ಪ್ಲಸ್ಸಿಗೆ, ಇನ್ನೊಂದು ಮೈನಸ್ಸಿಗೆ ಇರ್ತೈತಿ, ಕರೆಂಟ್ ಹಾಯೂದಿಲ್ಲ. ಬ್ಯಾಟರಿ ಉಲ್ಟಾ ಆದಾಗಷ್ಟ ಅದು ದಾರಿ ಬಿಡ್ತೈತಿ, ಕರೆಂಟೆಲ್ಲಾ ಅದರಾಗ ಹರದು ಫ್ಯೂಸ್ ಸುಡ್ತೈತಿ, ಬೋರ್ಡಿನ ಮ್ಯಾಲೆ ಉಲ್ಟಾ 6 ವೋಲ್ಟಿನ ಬದಲಿ ಸುಮಾರು 1 ವೋಲ್ಟ್ ಅಷ್ಟ ಬೀಳ್ತೈತಿ. ಅಂದ್ರ ಆ ಡಯೋಡ್ ಕೆಟ್ಟಿದ್ದಲ್ಲ, ಬೋರ್ಡ್ ಉಳಿಸಿ ತಾನು ಸತ್ತೈತಿ. ತಗದ್ರ ತಗೀರಿ, ಆ ಜಾಗಾ ಖಾಲಿ ಬಿಡಬ್ಯಾಡ್ರಿ.

ತಿಕೋಟಾ ಕಡಿಂದ ಒಣದ್ರಾಕ್ಷಿ ವ್ಯಾಪಾರದ ಕಾಕಾ ಒಬ್ರು ಕಾಟಾ ತಂದ್ರು. ಬಿಚ್ಚಿದ್ರ ಎರಡು ಖಾಲಿ ತೂತು, ಸುತ್ತ ಹಳೇ ಸೋಲ್ಡರಿನ ಕಲಿ, ಪಕ್ಕದಾಗ ವೋಲ್ಟೇಜ್ ಹದದಾಗ ಇಡೋ ರೆಗ್ಯುಲೇಟರ್ ಐಸಿ ಹೊಟ್ಟಿ ಒಡದೈತಿ. "ಕಾಕಾ, ಇಲ್ಲಿ ಒಂದು ಡಯೋಡ್ ಇತ್ತಲ್ರಿ?" ಅಂದೆ. "ಅದು ಕೆಟ್ಟಿತ್ತಂತಪ್ಪಾ, ಹಿಂದಕ್ಕ ತಗಸೀವಿ." ಈ ಸರ್ತಿ ಬ್ಯಾಟರಿ ಬದಲಿಸಿದ್ದು ಅವರ ಮೊಮ್ಮಗ, ಪಾಪ, ಹುಡುಗ ಬಾಗಲದಾಗ ತಲಿ ತಗ್ಗಿಸಿ ನಿಂತಿದ್ದ. ತಪ್ಪು ಅವಂದಲ್ಲ ಅಂತ ಕಾಕಾಗ ತಿಳಿಸಿ ಹೇಳಬೇಕಾತು. ಒಂದು ಸಣ್ಣ ಡಯೋಡ್ ಆಗ ಹಾಕಿದ್ರ ಮೇನ್ ಬೋರ್ಡ್ ಬದಲಿಸೂದು ಬರ್ತಿದ್ದಿಲ್ಲ.

ನಾ ಸಾಮಾನ್ಯವಾಗಿ ಅಲ್ಲಿ 1ಎನ್5408 ನಂಬರಿನ ಡಯೋಡ್ ಹಾಕ್ತೀನಿ, 1ಎನ್4007 ಗಿಂತ ಗಟ್ಟಿ. ಆದ್ರ ಫ್ಯೂಸ್ ಇಲ್ಲದ ಯಾವ ಡಯೋಡೂ ಉಳಿಯೂದಿಲ್ಲ, ಫ್ಯೂಸಿನ ಜಾಗಾದಾಗ ತಾಮ್ರದ ಎಳಿ ಸುತ್ತೋರು ಇದನ್ನ ಎರಡು ಸಲ ಓದ್ರಿ, ವಾಯರ್ ಕರಗ್ತೈತಿ. ಬೋರ್ಡ್ ಮ್ಯಾಲೆ ಬರದಷ್ಟ ಆಂಪಿಯರಿಂದು ಹಾಕ್ರಿ. ಉಲ್ಟಾ ಕರೆಂಟಿಗೆ ಉಬ್ಬಿದ ಕೆಪಾಸಿಟರ್ (ಕರೆಂಟ್ ಕೂಡಿಡೋ ಪಾರ್ಟ್) ಅಂತೂ ಬದಲಿಸ್ರಿ, ಉಬ್ಬದಿದ್ರೂ ನಾ ನಂಬೂದಿಲ್ಲ. ಡಯೋಡ್ ಸೀರೀಸಿನಾಗ, ಅಂದ್ರ ಬ್ಯಾಟರಿ ವಾಯರಿನ ದಾರ್ಯಾಗ, ಹಾಕಿದ್ರ ಆಗೂದಿಲ್ಲೇನು ಅಂತ ಕೇಳ್ತಾರ. ಆಗ್ತೈತಿ, ಆದ್ರ ಸಾದಾ ಡಯೋಡ್ 0.7 ವೋಲ್ಟ್ ತಿಂತೈತಿ, 6 ವೋಲ್ಟಿನ ಕಾಟಾ ಲಗೂನ ಲೋ ಬ್ಯಾಟರಿ ತೋರಸ್ತೈತಿ, ಹಾಕೂದಿದ್ರ ಕಡಿಮಿ ವೋಲ್ಟ್ ತಿನ್ನೋ ಶಾಟ್ಕಿ ಡಯೋಡ್ ಹಾಕ್ರಿ. ಇಷ್ಟು ಮಾಡಿದ್ರೂ ಎಲ್ಲಾ ಬೋರ್ಡ್ ಉಳೀತಾವ ಅಂತ ಗ್ಯಾರಂಟಿ ನಾ ಕೊಡೂದಿಲ್ಲ.

ವ್ಯಾಪಾರದ ಕಾಟಾ ಆದ್ರ ಮನ್ಯಾಗ ಬಿಚ್ಚಬ್ಯಾಡ್ರಿ, ಲೈಸೆನ್ಸ್ ಇದ್ದ ರಿಪೇರಿಯವ್ರ ಕಡೆ ಒಯ್ರಿ. ಸೀಲ್ ಒಡದಿದ್ರ ತೂಕ ಸರಿ ಮಾಡಿಸಿ, ಕಾನೂನು ಮಾಪನಶಾಸ್ತ್ರ ಇಲಾಖೆಯವ್ರ ಮುದ್ರಿ ಬಿದ್ದ ಮ್ಯಾಲೇನ ಅಂಗಡ್ಯಾಗ ಇಡ್ರಿ.